ಗೆಳೆತನದ ಎರವಲು ಪದಗಳು: ಚಿಂತಾಮಣಿ ಪರಿಸರದ ‘ದೋಸ್ತಿ’

ಎರವಲು ಪದಗಳು ಭಾಷೆಯ ಕೊರತೆಯನ್ನು ತುಂಬಲು ಬರುತ್ತವೆ ಎಂಬ ವಿವರಣೆ ‘ಜಮಾಬಂದಿ’, ‘ತಹಸೀಲ್ದಾರ’ ಮೊದಲಾದ ಆಡಳಿತ ಪದಗಳಿಗೆ ಸಲ್ಲುತ್ತದೆ. ಗೆಳೆತನದ ಪದಗಳಿಗೆ ಅದು ಸಲ್ಲದೆಂಬುದು ನಮ್ಮ ವಾದ. ಹಳಗನ್ನಡದ ‘ಕೆಳೆಯ’ ಶಬ್ದವು ಪದಾದಿ ಕಕಾರವು ಗಕಾರವಾಗಿ ‘ಗೆಳೆಯ’ ಎಂದು ಉಳಿದಿದೆ. ತಮಿಳಿನ ‘ಕೇಳ್’ ಅದರ ಜ್ಞಾತಿಪದ. ಸಂಸ್ಕೃತದ ‘ಸ್ನೇಹ’ ತತ್ಸಮವಾಗಿಯೂ ‘ನೇಹ’ ಎಂಬ ತದ್ಭವವಾಗಿಯೂ ಬಳಕೆಯಲ್ಲಿದೆ. ಇಷ್ಟಿದ್ದೂ ಫಾರಸಿಯ ‘ದೋಸ್ತ್’ ನೆಲೆಯೂರಿದ್ದೇಕೆ?

2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ಸೀಮೆಯು 17ನೆಯ ಶತಮಾನದಲ್ಲಿ ಬಿಜಾಪುರದ, ಮುಂದೆ ಮೊಗಲರ, ಅನಂತರ ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಗಳನ್ನು ಕಂಡಿತು. ಫಾರಸಿ ದಫ್ತರದ ಭಾಷೆಯಾಗಿತ್ತು. ಆದರೆ ‘ದೋಸ್ತಿ’ ದಫ್ತರದ ಪದವಲ್ಲ. ದಖನಿ ಆಡುಮಾತಿನ ಪದ. ಕೈವಾರದ ನಾರೇಯಣ ಯತಿಗಳು ತೆಲುಗು, ಕನ್ನಡ ಎರಡರಲ್ಲಿಯೂ ಹಾಡಿದ ನೆಲವಿದು. ಮುರುಗಮಲ್ಲದ ದರ್ಗಾಕ್ಕೆ ಹಿಂದೂಗಳೂ ನಡೆದುಕೊಳ್ಳುತ್ತಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕನ್ನಡ, ತೆಲುಗು ಆಡುವ ಬೆಳೆಗಾರರೂ ದಖನಿ ಆಡುವ ರೀಲರುಗಳೂ ದಿನವೂ ಎದುರಾಗುತ್ತಾರೆ. ಇಂಥ ಒಡನಾಟದಲ್ಲಿ ಇನ್ನೊಬ್ಬನನ್ನು ಅವನ ಮಾತಿನಲ್ಲೇ ಕರೆಯುವುದು ಸಲುಗೆಯ ಕುರುಹು. ಪದ ಬಂದದ್ದು ಅರ್ಥದ ಅಗತ್ಯಕ್ಕಲ್ಲ, ಸಂಬಂಧದ ಅಗತ್ಯಕ್ಕೆ.

ಇಂಗ್ಲಿಷಿಗೆ ಬಂದ ಸ್ಪ್ಯಾನಿಷ್ ಪದಗಳೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ‘ಅಮಿಗೊ’ ಇಂಗ್ಲಿಷಿನಲ್ಲಿ ಹೆಚ್ಚಾಗಿ ಸಂಬೋಧನೆಯಾಗಿ ಬಳಕೆಯಾಗುತ್ತದೆ. ಅದರ ಪರಕೀಯ ಛಾಯೆ ಅಳಿದಿಲ್ಲ. ‘ಕಂಪಾದ್ರೆ’ ಮೂಲದಲ್ಲಿ ಮಗುವಿನ ತಂದೆಗೂ ಧರ್ಮಪಿತನಿಗೂ ಇರುವ ನಂಟನ್ನು ಹೇಳುವ ಪದ; ತಮಿಳಿನ ‘ಮಚ್ಚಾನ್’ ಎಂಬ ಭಾವನೆಂಟನ ವಾಚಕವು ಬೆಂಗಳೂರಿನ ಕನ್ನಡದಲ್ಲಿ ‘ಮಚ್ಚಾ’ ಎಂಬ ಗೆಳೆಯನಾದಂತೆ, ಅದೂ ಗೆಳೆಯನೆಂಬ ಅರ್ಥ ಪಡೆಯಿತು.

‘ದೋಸ್ತಿ’ ಇನ್ನೂ ಒಳಗೆ ಬಂದಿದೆ. ವ್ಯಂಜನಾಂತ ‘ದೋಸ್ತ್’ ಉಕಾರ ಪಡೆದು ‘ದೋಸ್ತು’ ಆಗಿದೆ. ‘ದೋಸ್ತರು’, ‘ದೋಸ್ತಿಗೆ’ ಎಂದು ಕನ್ನಡದ ಪ್ರತ್ಯಯಗಳನ್ನು ಹೊತ್ತಿದೆ. ‘ದೋಸ್ತಿ ಮಾಡು’, ‘ದೋಸ್ತಿ ಬಿಡು’ ಎಂಬ ಕ್ರಿಯಾರೂಪಗಳನ್ನು ಕೊಟ್ಟಿದೆ. ಫಾರಸಿಯಲ್ಲಿ ಭಾವನಾಮವಾದ ‘ದೋಸ್ತಿ’ ಕನ್ನಡದ ಕೆಲವೆಡೆ ವ್ಯಕ್ತಿವಾಚಕವೂ ಆಗಿದೆ. 2018ರ ಸಮ್ಮಿಶ್ರ ಸರ್ಕಾರವನ್ನು ಪತ್ರಿಕೆಗಳು ‘ದೋಸ್ತಿ ಸರ್ಕಾರ’ ಎಂದು ಕರೆದಾಗ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

‘ಅನ್ಯದೇಶ್ಯ’ ಎಂಬ ಶಾಸ್ತ್ರೀಯ ವರ್ಗೀಕರಣವು ಪದದ ಹುಟ್ಟನ್ನು ಹೇಳುತ್ತದೆ, ಬಾಳನ್ನಲ್ಲ. ಇಂಥ ಪದಗಳನ್ನು ಶುದ್ಧಿಯ ಹೆಸರಿನಲ್ಲಿ ಕೈಬಿಟ್ಟರೆ ಕನ್ನಡಕ್ಕೆ ಅರ್ಥನಷ್ಟವೇನೂ ಆಗಲಾರದು, ‘ಗೆಳೆಯ’ ಇದ್ದೇ ಇದ್ದಾನೆ. ನಷ್ಟವಾಗುವುದು, ಯಾವ ಶಾಸನದಲ್ಲೂ ದಾಖಲಾಗದ ನೆರೆಹೊರೆಯ ಚರಿತ್ರೆ.