ದಿ ಕೆನಲ್ ಮರ್ಡರ್ ಕೇಸ್

ದಿ ಕೆನಲ್ ಮರ್ಡರ್ ಕೇಸ್ ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆ 1933ರ ಅಕ್ಟೋಬರ್‌ನಲ್ಲಿ ತೆರೆಗೆ ತಂದ, ಮೈಕೆಲ್ ಕರ್ಟಿಜ್ ನಿರ್ದೇಶಿಸಿದ ಪತ್ತೇದಾರಿ ಚಲನಚಿತ್ರ. ಕಲಾವಿಮರ್ಶಕ ವಿಲ್ಲರ್ಡ್ ಹಂಟಿಂಗ್ಟನ್ ರೈಟ್ ಅವರು ಎಸ್. ಎಸ್. ವಾನ್ ಡೈನ್ ಎಂಬ ಕಾವ್ಯನಾಮದಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರವಾಗಿದ್ದು, ಅವರು ಸೃಷ್ಟಿಸಿದ ಫೈಲೋ ವ್ಯಾನ್ಸ್ ಎಂಬ ಸಿರಿವಂತ ಹವ್ಯಾಸಿ ಪತ್ತೇದಾರನ ಪಾತ್ರವನ್ನು ವಿಲಿಯಂ ಪವೆಲ್ ವಹಿಸಿದ್ದಾರೆ.

ಪವೆಲ್ ಇದಕ್ಕೂ ಮೊದಲೇ ಪ್ಯಾರಾಮೌಂಟ್ ಸಂಸ್ಥೆಯ ಮೂರು ಚಿತ್ರಗಳಲ್ಲಿ ವ್ಯಾನ್ಸ್ ಆಗಿ ನಟಿಸಿದ್ದರು. ಅವುಗಳಲ್ಲಿ ಮೊದಲನೆಯದಾದ ದಿ ಕ್ಯಾನರಿ ಮರ್ಡರ್ ಕೇಸ್ (1929) ಮೂಕಿ ಚಿತ್ರವಾಗಿ ಸಿದ್ಧವಾಗಿ, ಅನಂತರ ಧ್ವನಿ ಸೇರಿಸಿ ವಾಕ್ಚಿತ್ರವಾಗಿ ಮಾರ್ಪಟ್ಟಿತು. ಆ ಹೊತ್ತಿಗೆ ಸಂಸ್ಥೆಯನ್ನು ತೊರೆದಿದ್ದ ನಟಿ ಲೂಯಿಸ್ ಬ್ರೂಕ್ಸ್ ಹಿಂದಿರುಗಲು ಒಪ್ಪದಿದ್ದುದರಿಂದ ಅವರ ಪಾತ್ರಕ್ಕೆ ಮಾರ್ಗರೆಟ್ ಲಿವಿಂಗ್‌ಸ್ಟನ್ ಕಂಠ ನೀಡಬೇಕಾಯಿತು. ಮಾತು ಬಂದೊಡನೆ ಕ್ಯಾಮೆರಾದ ಓಡಾಟ ಕುಂಠಿತವಾದ ಆ ವರ್ಷಗಳಲ್ಲಿ, ವಿಚಾರಣೆ ಮತ್ತು ವಿವರಣೆಗಳೇ ತುಂಬಿರುವ ಪತ್ತೇದಾರಿ ಕಥೆಗಳು ತೆರೆಯ ಮೇಲೆ ಹೆಚ್ಚಾಗಿ ನಾಟಕದ ಜಡತೆಯನ್ನೇ ಪಡೆದವು.

ಕರ್ಟಿಜ್ ಅವರ ಚಿತ್ರದ ಮಹತ್ವ ಇರುವುದು ಈ ಜಡತೆಯನ್ನು ಒಡೆದುದರಲ್ಲಿ. ಚೀನೀ ಕಲಾಕೃತಿಗಳ ಸಂಗ್ರಾಹಕನೂ ಶ್ವಾನಪ್ರದರ್ಶನದ ಸ್ಪರ್ಧಿಯೂ ಆದ ಆರ್ಚರ್ ಕೋ, ಒಳಗಿನಿಂದ ಅಗಳಿ ಹಾಕಿದ ಕೋಣೆಯಲ್ಲಿ, ಕೈಯಲ್ಲಿ ಪಿಸ್ತೂಲಿರುವ ಸ್ಥಿತಿಯಲ್ಲಿ ಶವವಾಗಿ ಸಿಗುತ್ತಾನೆ. ಪೊಲೀಸರು ಆತ್ಮಹತ್ಯೆಯೆಂದು ಭಾವಿಸಿದರೂ, ಯುರೋಪಿನ ಪ್ರಯಾಣವನ್ನು ಕೈಬಿಟ್ಟು ಬಂದ ವ್ಯಾನ್ಸ್‌ನ ಸಂಶಯವನ್ನು ಶವಪರೀಕ್ಷೆ ದೃಢಪಡಿಸುತ್ತದೆ. ಯಾರೂ ಒಳಹೊಕ್ಕು ಹೊರಬಂದಿರಲು ಸಾಧ್ಯವಿಲ್ಲವೆಂದು ತೋರುವ ಕಡೆ ಕೊಲೆ ನಡೆಯುವ ಈ ಬಗೆಯ ಕಥೆಯನ್ನು 'ಮುಚ್ಚಿದ ಕೋಣೆಯ ರಹಸ್ಯ' ಎಂದು ಕರೆಯುವ ರೂಢಿಯಿದೆ. ಇಂಥ ಒಗಟಿನಲ್ಲಿ ಬಾಗಿಲು, ಮೆಟ್ಟಿಲು, ಪಕ್ಕದ ಮನೆ ಎಲ್ಲವೂ ಸಾಕ್ಷಿಗಳಾಗುವುದರಿಂದ, ಕೇವಲ ಮಾತಿನಲ್ಲಿ ಹೇಳಿದರೆ ಪ್ರೇಕ್ಷಕರಿಗೆ ತರ್ಕದ ಎಳೆ ತಪ್ಪಿಹೋಗುವ ಸಂಭವ ಹೆಚ್ಚು. ಕರ್ಟಿಜ್ ಮನೆಗಳ ಪುಟ್ಟ ಮಾದರಿಯನ್ನು ವ್ಯಾನ್ಸ್‌ನ ಮುಂದಿರಿಸಿ, ಅವನ ವಿವರಣೆಯ ನಡುವೆ ಕೊಲೆಯ ರಾತ್ರಿಯನ್ನು ಮರಳಿ ತೋರಿಸುತ್ತಾರೆ. ಇಬ್ಭಾಗಿಸಿದ ತೆರೆ, ಒಂದು ದೃಶ್ಯ ಮತ್ತೊಂದನ್ನು ಒರೆಸಿಕೊಂಡು ಬರುವ ಜೋಡಣೆ, ಎಡೆಬಿಡದೆ ಚಲಿಸುವ ಕ್ಯಾಮೆರಾ ಇವೆಲ್ಲ ಕಣ್ಣಿಗೆ ಕಾಣುವ ತರ್ಕವನ್ನೇ ಕಟ್ಟುತ್ತವೆ. 73 ನಿಮಿಷಗಳ ಈ ಚಿತ್ರದಲ್ಲಿ ವ್ಯರ್ಥವೆನ್ನಬಹುದಾದ ದೃಶ್ಯ ವಿರಳ.

ಮೇರಿ ಆಸ್ಟರ್, ಸಾರ್ಜೆಂಟ್ ಹೀತ್ ಆಗಿ ಯೂಜೀನ್ ಪ್ಯಾಲೆಟ್ ಮತ್ತು ಸದಾ ಗೊಣಗುವ ಶವಪರೀಕ್ಷಕನಾಗಿ ಎಟಿಯನ್ ಜಿರಾರ್ಡೊ ಉಳಿದ ಮುಖ್ಯ ಪಾತ್ರಗಳಲ್ಲಿದ್ದಾರೆ. ಪವೆಲ್ ಮರುವರ್ಷ ಎಂಜಿಎಂ ಸಂಸ್ಥೆಯ ದಿ ಥಿನ್ ಮ್ಯಾನ್ ಚಿತ್ರದಲ್ಲಿ ಇನ್ನಷ್ಟು ಜನಪ್ರಿಯರಾದರೆ, ಕರ್ಟಿಜ್ ಮುಂದೆ ಕಾಸಾಬ್ಲಾಂಕಾ (1942) ನಿರ್ದೇಶಿಸಿದರು. ವಾರ್ನರ್ ಸಂಸ್ಥೆ ಇದೇ ಕಥೆಯನ್ನು 1940ರಲ್ಲಿ ಕಾಲಿಂಗ್ ಫೈಲೋ ವ್ಯಾನ್ಸ್ ಎಂಬ ಹೆಸರಿನಲ್ಲಿ ಮತ್ತೆ ಚಿತ್ರಿಸಿತಾದರೂ, ವ್ಯಾನ್ಸ್ ಚಿತ್ರಗಳಲ್ಲಿ ಅತ್ಯುತ್ತಮವೆಂಬ ಮನ್ನಣೆ 1933ರ ಚಿತ್ರಕ್ಕೇ ಸಲ್ಲುತ್ತದೆ.