ಹಲಗಲಿಯ ಹತಾರ: ಅಪರಾಧ ಎಲ್ಲಿಂದ ಶುರುವಾಗುತ್ತೆ?

ಅಮೀನಗಡದಿಂದ ಮಾತಾಡ್ತಾ ಇದ್ದೀನಿ. ನಮ್ಮೂರು ಅಂದ್ರೆ ನಿಮಗೆ ಕರದಂಟು ನೆನಪಾಗುತ್ತೆ, ಸುತ್ತಲಿನ ರೈತರಿಗೆ ಕುರಿ ಸಂತೆ. ಇವತ್ತಿನ ಮಾತು ಕರದಂಟಿಂದಲ್ಲ. ಆದ್ರೆ ಒಂದು ಕುರಿ ಬೇಕಾಗುತ್ತೆ, ಸ್ವಲ್ಪ ತಡೀರಿ.

ಪೇಪರಿನಲ್ಲಿ ಈ ತರದ ಸುದ್ದಿ ನೀವು ನೋಡೇ ಇರ್ತೀರಿ: ‘ದರೋಡೆಗೆ ಹೊಂಚು, ಐವರ ಬಂಧನ. ಮಚ್ಚು, ಹಗ್ಗ, ಖಾರದ ಪುಡಿ ವಶ.’ ದರೋಡೆ ನಡೆದೇ ಇಲ್ಲ. ಯಾರ ಮನೆ ಬಾಗಿಲೂ ಮುರಿದಿಲ್ಲ. ಖಾರದ ಪುಡಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರೋದೇ. ಮತ್ತೆ ಯಾಕೆ ಒಳಗೆ ಹಾಕಿದ್ರು?

ಈಗ ಕುರಿಗೆ ಬರೋಣ. ಸಂತೆಯಲ್ಲಿ ಒಬ್ಬ ಒಂದು ದಷ್ಟಪುಷ್ಟ ಟಗರು ನೋಡಿ, ‘ಇದನ್ನ ಹೊಡ್ಕೊಂಡು ಹೋಗ್ಬೇಕು’ ಅಂದ್ಕೋತಾನೆ. ಇದು ಉದ್ದೇಶ. ಹಗ್ಗ ತರ್ತಾನೆ, ಒಂದು ಗೂಡ್ಸ್ ಗಾಡಿ ಗೊತ್ತು ಮಾಡ್ತಾನೆ. ಇದು ತಯಾರಿ. ಕತ್ತಲಾದ ಮೇಲೆ ಗೂಟದ ಗಂಟು ಬಿಚ್ಚೋವಾಗ ಸಿಕ್ಕಿಬಿದ್ರೆ ಪ್ರಯತ್ನ. ಟಗರು ಅವನ ಹಿಂದೆ ನಾಲ್ಕು ಹೆಜ್ಜೆ ಹಾಕಿತೋ, ಕಳವು ಪೂರ್ತಿ ಆಯ್ತು. ಊರು ದಾಟೋದೇನೂ ಬೇಕಿಲ್ಲ. 1860ರ ದಂಡ ಸಂಹಿತೆಯಲ್ಲಿ ಇದಕ್ಕೊಂದು ಮಜಾ ಉದಾಹರಣೆ ಇತ್ತು: ಜೇಬಿನಲ್ಲಿ ತಿಂಡಿ ಇಟ್ಕೊಂಡು ಬೇರೆಯವರ ನಾಯಿಯನ್ನ ಪುಸಲಾಯಿಸಿದ್ರೆ, ನಾಯಿ ಹಿಂದೆ ಬರೋಕೆ ಶುರು ಮಾಡಿದ ಕ್ಷಣಕ್ಕೇ ಕಳ್ಳತನ. ಪ್ರಯತ್ನಕ್ಕೂ ಒಂದು ಉದಾಹರಣೆ ಇತ್ತು. ಒಡವೆ ಕದಿಯೋಕೆ ಪೆಟ್ಟಿಗೆ ಒಡೆದ, ಒಳಗೆ ಏನೂ ಇರಲಿಲ್ಲ. ಅವನಿಗೂ ಶಿಕ್ಷೆ ಐತಿ!

ಮನಸ್ಸಿನಲ್ಲಿ ಅಂದ್ಕೊಂಡಿದ್ದಕ್ಕೆ ಕಾನೂನು ಕೈ ಹಾಕಲ್ಲ. ತಯಾರಿಗೂ ಸಾಮಾನ್ಯವಾಗಿ ಶಿಕ್ಷೆ ಇಲ್ಲ, ಯಾಕಂದ್ರೆ ಮನುಷ್ಯ ಕೊನೇ ಗಳಿಗೆಯಲ್ಲಿ ವಾಪಸ್ ಬರಬಹುದು. 1961ರಲ್ಲಿ ಪಂಜಾಬಿನಿಂದ ದಿಲ್ಲಿ ಕಡೆಗೆ ಪರವಾನಗಿ ಇಲ್ಲದೆ ಭತ್ತ ಸಾಗಿಸ್ತಿದ್ದ ಲಾರಿಯೊಂದು ಸಮಾಲ್ಖಾ ಅನ್ನೋ ಕಡೆ ಸಿಕ್ಕಿಬಿತ್ತು. ಗಡಿ ಇನ್ನೂ ಮುಂದಿತ್ತು. ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನ ರದ್ದು ಮಾಡ್ತು. ಗಡಿ ಮುಟ್ಟೋದ್ರೊಳಗೆ ಅವರು ಮನಸ್ಸು ಬದಲಿಸಬಹುದಿತ್ತು, ಹಾಗಾಗಿ ಇದು ಬರೀ ತಯಾರಿ ಅಂತು. ನನಗೆ ಈ ತೀರ್ಪು ಬಹಳ ಇಷ್ಟ.

ಆದ್ರೆ ಕೆಲವು ಕಡೆ ಕಾನೂನು ಅಷ್ಟು ಹೊತ್ತು ಕಾಯಲ್ಲ. ದರೋಡೆಯ ತಯಾರಿಗೆ 10 ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 310ನೇ ಕಲಂ. ಸರ್ಕಾರದ ಮೇಲೆ ಯುದ್ಧ ಮಾಡೋಕೆ ಹತಾರ ಕೂಡಿಸೋದೂ ಅಪರಾಧ. ಈ ‘ಹತಾರ’ ಅನ್ನೋ ಮಾತು ಬಂದ್ರೆ ನಮ್ಮ ಜಿಲ್ಲೆಯವರ ಕಿವಿ ನೆಟ್ಟಗಾಗುತ್ತೆ.

ಬಾಗಲಕೋಟೆ ದಾಟಿ ಮುಧೋಳದ ಕಡೆ ಹೋದ್ರೆ ಹಲಗಲಿ. ನಿಮ್ಮಲ್ಲಿ ಹಲವರು ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಈ ಊರಿನ ಲಾವಣಿ ಓದಿರ್ತೀರಿ. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಬ್ರಿಟಿಷರು ಒಂದು ಕಾಯ್ದೆ ತಂದ್ರು: ಅನುಮತಿ ಇಲ್ಲದೆ ಯಾರೂ ಹತಾರ ಇಟ್ಕೊಳ್ಳೋ ಹಾಗಿಲ್ಲ. ಹಲಗಲಿಯ ಬೇಡರು ಬೇಟೆಗಾರರು. ಹತಾರ ಅವರ ಹೊಟ್ಟೆಪಾಡು, ಮರ್ಯಾದೆ ಕೂಡ. ಹಿಂದಿನ ದಿನದವರೆಗೆ ಗೋಡೆಗೆ ತೂಗುಹಾಕಿದ್ದ ಕತ್ತಿ ಬರೀ ಕತ್ತಿಯಾಗಿತ್ತು. ಕಾಯ್ದೆ ಬಂದ ದಿನ ಅದೇ ಕತ್ತಿ ಅಪರಾಧವಾಯ್ತು. ಉದ್ದೇಶ ಏನು ಅಂತ ಯಾರೂ ಕೇಳಲಿಲ್ಲ, ಹತಾರ ಇದ್ದದ್ದೇ ಸಾಕಾಯ್ತು.

ಅವರು ಕೊಡಲಿಲ್ಲ. ಹೇಳಿ ಕಳಿಸಿದ್ರೂ ಕೊಡಲಿಲ್ಲ. ಪೂಜೇರಿ ಹನುಮ, ಬಾಲ, ಜಡಗ, ರಾಮ ಅಂತ ಲಾವಣಿ ಹೆಸರಿಡಿದು ನೆನೆಯೋ ನಾಲ್ವರು ಮುಂದೆ ನಿಂತ್ರು. ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಮ್‌ನ ಕುದುರೆ ದಂಡು ರಾತ್ರಿ ಬಂದು ಊರು ಸುತ್ತುವರೀತು. ಬೇಡರು ಹೋರಾಡಿದ್ರು, ಅದರಲ್ಲಿ ಅನುಮಾನ ಇಲ್ಲ. ಊರಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನ ಗಲ್ಲಿಗೆ ಹಾಕಿದ್ರು. ದಂಡ ಸಂಹಿತೆ ಜಾರಿಗೆ ಬಂದದ್ದು 1862ರ ಜನವರಿ 1ಕ್ಕೆ. ಅಂದ್ರೆ ‘ತಯಾರಿ ಬೇರೆ, ಪ್ರಯತ್ನ ಬೇರೆ’ ಅನ್ನೋ ಆ ನಾಜೂಕು ಲೆಕ್ಕ ಹಲಗಲಿಯವರ ಪಾಲಿಗೆ ಇನ್ನೂ ಹುಟ್ಟೇ ಇರಲಿಲ್ಲ. ಇನ್ನೊಂದು ವಿಚಿತ್ರ ನೋಡ್ರಿ. ಈ ಲಾವಣಿಯನ್ನ 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್. ನಮ್ಮೂರ ಪಕ್ಕದ ಐಹೊಳೆಯ ಪುಲಕೇಶಿ ಶಾಸನವನ್ನ ಓದಿ ಪ್ರಕಟಿಸಿದವರೂ ಅವರೇ.

ದಂಡ ಸಂಹಿತೆ ಬಂದ ಮೇಲಾದ್ರೂ ಎಲ್ಲರಿಗೂ ಒಂದೇ ಲೆಕ್ಕ ಆಯ್ತಾ? ಇಲ್ಲ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು, 1911ರಲ್ಲಿ ಅದನ್ನ ಇಡೀ ದೇಶಕ್ಕೆ ಹಬ್ಬಿಸಿದ್ರು. ಇದಕ್ಕೆ ಪ್ರಯತ್ನ ಬೇಡ, ತಯಾರಿ ಬೇಡ, ಉದ್ದೇಶವೂ ಬೇಡ. ಇಂಥ ಜಾತಿಯಲ್ಲಿ ಹುಟ್ಟಿದ್ರೆ ಸಾಕು. ನಮ್ಮ ಭಾಗದ ಹರಣಶಿಕಾರಿ, ಘಂಟಿಚೋರ ಸಮುದಾಯದವರನ್ನ ಪಟ್ಟಿಗೆ ಸೇರಿಸಿದ್ರು. ಎರಡನೇ ಹೆಸರಿನ ಬಾಲದಲ್ಲೇ ‘ಚೋರ’ ಅಂಟಿಕೊಂಡಿದೆ, ಗಮನಿಸಿ. ವಿಜಯಪುರ, ಹುಬ್ಬಳ್ಳಿ, ಗದಗದಲ್ಲಿ ವಸಾಹತು ಕಟ್ಟಿ ಅಲ್ಲಿ ಇರಿಸಿದ್ರು. ಹಾಜರಿ ಕೊಡ್ಬೇಕು, ಊರು ಬಿಡೋಕೆ ಪಾಸ್ ಬೇಕು. ಏನೂ ಮಾಡದ ಕೂಸು ಕೂಡ ಕಾನೂನಿನ ಕಣ್ಣಲ್ಲಿ ನಾಲ್ಕನೇ ಮೆಟ್ಟಿಲ ಮೇಲೇ ನಿಂತಿರ್ತಿತ್ತು.

ಆ ಕಾಯ್ದೆ ರದ್ದಾಗಿದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ. ತಂತಿಬೇಲಿ ಹೋಯ್ತು, ಹೆಸರು ಉಳೀತು. ಹುಬ್ಬಳ್ಳಿಯಲ್ಲಿ ಆಟೋ ಹತ್ತಿ ‘ಸೆಟ್ಲಮೆಂಟ್’ ಅನ್ನಿ, ಇವತ್ತಿಗೂ ಅಲ್ಲಿಗೇ ಕರ್ಕೊಂಡು ಹೋಗ್ತಾರೆ.