ಪಿಟೀಲು ಚೌಡಯ್ಯ: ಶೋಕ ಮತ್ತು ಸ್ಮರಣೆಯ ಇತಿಹಾಸ

ತಿರುಮಕೂಡಲು ಚೌಡಯ್ಯ (1895–1967) ಏಳು ತಂತಿಯ ಪಿಟೀಲಿನಿಂದ ಹೆಸರಾದ ಕರ್ನಾಟಕ ಸಂಗೀತದ ವಾದಕರು. ಕಲಾವಿದರ ನಿಧನಾನಂತರ ರಸಿಕರು ಅವರನ್ನು ನೆನೆಯುವ ರೂಢಿ ಕನ್ನಡ ನಾಡಿನಲ್ಲಿ ಹಳೆಯದು. ಆದರೆ ಆ ನೆನಪು ಬಹುಮಟ್ಟಿಗೆ ಕೃತಿ ರಚಿಸಿದ ವಾಗ್ಗೇಯಕಾರರಿಗೂ ಹಾಡುಗಾರರಿಗೂ ಸಲ್ಲುತ್ತಿತ್ತು. ವೇದಿಕೆಯ ಪಕ್ಕದಲ್ಲಿ ಕೂತು ನುಡಿಸುವವರ ಹೆಸರು ಕಚೇರಿಯ ಕರಪತ್ರದಲ್ಲಿ ಎರಡನೆಯ ಸಾಲಿಗೆ ನಿಂತುಬಿಡುತ್ತಿತ್ತು. ಪಕ್ಕವಾದ್ಯದವರೊಬ್ಬರಿಗಾಗಿ ನಾಡು ಶೋಕಿಸಿ, ಅವರ ವಾದ್ಯದ ಆಕಾರದಲ್ಲೇ ಸಭಾಂಗಣ ಕಟ್ಟಿದ್ದು ಚೌಡಯ್ಯನವರ ವಿಷಯದಲ್ಲಿ. ಈ ಲೇಖನ ಅವರ ಜೀವನಚರಿತ್ರೆಗಿಂತ ಹೆಚ್ಚಾಗಿ ಆ ಸ್ಮರಣೆ ಬೆಳೆದುಬಂದ ಬಗೆಯನ್ನು ಹೇಳುತ್ತದೆ. ಅದರ ಒಂದು ಎಳೆ ಆಂಧ್ರದ ಅನಂತಪುರ ಸೀಮೆಗೂ ಹೋಗುತ್ತದೆ.

ಹಿನ್ನೆಲೆ

ಚೌಡಯ್ಯನವರು ಹುಟ್ಟಿದ್ದು ಕಾವೇರಿ, ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ. ಮುಂದೆ ತಾವು ರಚಿಸಿದ ಕೃತಿಗಳಿಗೆ ‘ತ್ರಿಮಕುಟ’ ಎಂಬ ಅಂಕಿತವನ್ನು ಇಟ್ಟುಕೊಂಡರು. 1910ರಲ್ಲಿ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಉಡುಪಿ ಸೀಮೆಯ ನಂದಳಿಕೆಯಿಂದ ಬಂದಿದ್ದ ಕೃಷ್ಣಪ್ಪನವರು ಹಾಡುಗಾರರು. ದಾಸರ ಪದಗಳಿಗೆ ಕಚೇರಿಯಲ್ಲಿ ಘನತೆಯ ಜಾಗ ದೊರಕಿಸಿಕೊಟ್ಟವರು, ಶಿಷ್ಯರ ಮಟ್ಟಿಗೆ ಬಲು ಕಟ್ಟುನಿಟ್ಟಿನವರು. ಪಿಟೀಲು ಕಲಿಯಲು ಬಂದ ಹುಡುಗ ಹಾಡುಗಾರರ ಮನೆಯಲ್ಲಿ ಬೆಳೆದದ್ದು ಮುಂದಿನ ದಿನಗಳಲ್ಲಿ ಕೆಲಸಕ್ಕೆ ಬಂತು. ಚೌಡಯ್ಯನವರ ಕಮಾನು ಗಾಯಕರ ಉಸಿರಿನ ಜೊತೆಗೇ ಏರಿಳಿಯುತ್ತಿತ್ತು. ಚೆಂಬೈ ವೈದ್ಯನಾಥ ಭಾಗವತರಂಥ ತುಂಬುಕಂಠದ ಗಾಯಕರು ಅವರನ್ನೇ ಪಕ್ಕಕ್ಕೆ ಬಯಸುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಏಳು ತಂತಿ

ಇಪ್ಪತ್ತರ ದಶಕದ ಕಚೇರಿಗಳಲ್ಲಿ ಧ್ವನಿವರ್ಧಕ ಇನ್ನೂ ಸಾಮಾನ್ಯವಾಗಿರಲಿಲ್ಲ. ರಾಜರ ಸಭೆ, ಶ್ರೀಮಂತರ ಮನೆಯ ಹಜಾರಗಳಿಂದ ಸಂಗೀತ ಟಿಕೆಟ್ಟಿನ ಸಭೆಗಳಿಗೂ ರಾಮೋತ್ಸವದ ಚಪ್ಪರಗಳಿಗೂ ಬಂದಾಗಿತ್ತು. ಕೇಳುಗರು ಹೆಚ್ಚಾದರು, ಜಾಗ ದೊಡ್ಡದಾಯಿತು, ಪಿಟೀಲಿನ ದನಿ ಮಾತ್ರ ಮೊದಲಿನಷ್ಟೇ ಉಳಿಯಿತು. ಹಿಂದಿನ ಸಾಲಿನಲ್ಲಿ ಕೂತವರಿಗೆ ಗಾಯಕರ ದನಿಯಾದರೂ ತಲುಪುತ್ತಿತ್ತು, ಪಕ್ಕವಾದ್ಯದ ನುಡಿತ ಮೃದಂಗದ ಸದ್ದಿನೊಳಗೆ ಮುಳುಗಿಹೋಗುತ್ತಿತ್ತು.

ಚೌಡಯ್ಯನವರು 1927ರಲ್ಲಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆತಂತಿ ಸೇರಿಸಿದರು. ಜೊತೆತಂತಿಯಲ್ಲಿ ಬರುವುದು ಅದೇ ಸ್ವರ, ಆದರೆ ಬೇರೆ ಸ್ಥಾಯಿಯದು. ಒಂದೇ ಬೆರಳು ಎರಡು ತಂತಿಯನ್ನು ಒಟ್ಟಿಗೆ ಒತ್ತಬೇಕು, ಒಂದೇ ಕಮಾನು ಎರಡನ್ನೂ ಒಟ್ಟಿಗೆ ಎಳೆಯಬೇಕು. ಬೆರಳು ಕೂದಲೆಳೆಯಷ್ಟು ಜಾರಿದರೂ ಎರಡು ತಂತಿ ಎರಡು ಮಾತಾಡುತ್ತವೆ. ಹೆಚ್ಚಿನ ಬಿರಡೆಗಳು, ಹೆಚ್ಚಿನ ಬಿಗಿತ, ಶ್ರುತಿ ಸೇರಿಸಲು ಹೆಚ್ಚಿನ ಹೊತ್ತು. ಇಷ್ಟೆಲ್ಲ ಪಟ್ಟ ಮೇಲೆ ಸಿಕ್ಕಿದ್ದು ಒಂದು ದಪ್ಪನಾದ, ಗುಂಗುಳ್ಳ, ಕೊನೆಯ ಸಾಲಿಗೂ ಮುಟ್ಟುವ ನಾದ. ಸಣ್ಣ ನೇರ ದನಿಯನ್ನೇ ಪಿಟೀಲಿನ ಶುದ್ಧಿ ಎಂದುಕೊಂಡಿದ್ದವರಿಗೆ ಇದು ಹಿಡಿಸದೆ ಹೋದದ್ದು ಸಹಜ. ಉಳಿದಿರುವ ಧ್ವನಿಮುದ್ರಿಕೆಗಳಲ್ಲಿ ಚೆಂಬೈ ಅವರ ಹಾಡಿಕೆಯ ಹಿಂದೆ ಆ ನಾದ ತುಂಬಿಕೊಳ್ಳುವುದನ್ನು ಇಂದಿಗೂ ಕೇಳಬಹುದು. ಅದನ್ನು ಒಮ್ಮೆ ಕೇಳಿದವರಿಗೆ ನುಡಿಸುತ್ತಿರುವವರು ಯಾರೆಂದು ಹೇಳಬೇಕಾಗಿಲ್ಲ.

ಇದೇ ಕಷ್ಟ ಅದೇ ಕಾಲಕ್ಕೆ ಸಮುದ್ರದಾಚೆಯ ಗಿಟಾರ್ ವಾದಕರನ್ನೂ ಕಾಡಿತ್ತು. ನೃತ್ಯಶಾಲೆಗಳು ದೊಡ್ಡದಾದವು, ತುತ್ತೂರಿಗಳ ನಡುವೆ ಗಿಟಾರ್ ಕೇಳದಾಯಿತು. ಅಲ್ಲಿ ಒಂದು ದಾರಿ ಹನ್ನೆರಡು ತಂತಿಯ ಗಿಟಾರ್. ಅದರಲ್ಲೂ ಕೆಳಗಿನ ತಂತಿಗಳಿಗೆ ಬೇರೆ ಸ್ಥಾಯಿಯ ಜೊತೆತಂತಿಗಳಿವೆ. ಇನ್ನೊಂದು ದಾರಿ ವಿದ್ಯುತ್ತಿನದು, 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಸಂಸ್ಥೆ ಮಾರಾಟಕ್ಕೆ ತಂದ ಎಲೆಕ್ಟ್ರಿಕ್ ಗಿಟಾರ್. ಜಿಮಿ ಹೆಂಡ್ರಿಕ್ಸ್ ಅವರಂಥ ರಾಕ್ ಗಿಟಾರ್ ವಾದಕರು ಹುಟ್ಟಿಬಂದದ್ದು ಈ ಎರಡನೆಯ ದಾರಿಯಿಂದ. ಹೀಗಾಗಿ ಚೌಡಯ್ಯನವರನ್ನೂ ರಾಕ್ ಗಿಟಾರಿನ ಹಿರಿಯರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಅತಿಶಯವಲ್ಲ. ಪಕ್ಕದಲ್ಲಿದ್ದ ವಾದ್ಯಕ್ಕೆ ತನ್ನದೇ ಗುರುತಿನ ದನಿ ತಂದುಕೊಟ್ಟವರು ಈ ಎರಡೂ ಕಡೆಯವರು. ಕೇಳುಗರು ಅವರನ್ನು ಕಳೆದುಕೊಂಡಾಗ ಮೊದಲು ಹುಡುಕಿದ್ದೂ ಆ ದನಿಯನ್ನೇ.

ನಿಧನ ಮತ್ತು ಅದಕ್ಕೆ ಮೊದಲಿದ್ದ ಸಂಪ್ರದಾಯ

ಮೈಸೂರು ಆಸ್ಥಾನ ವಿದ್ವಾಂಸರಾಗಿ, 1943ರ ಕನ್ನಡ ಚಿತ್ರ ‘ವಾಣಿ’ಯ ನಿರ್ಮಾಪಕರಾಗಿ, 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದಾಂಕಿತರಾಗಿ ಹೆಸರು ಗಳಿಸಿದ್ದ ಚೌಡಯ್ಯನವರು 1967ರ ಜನವರಿ 19ರಂದು ತೀರಿಕೊಂಡರು. ಅವರಿಗಿಂತ ಮೊದಲು ಕಲಾನಿಧಿಗಳಾಗಿದ್ದ ಪಿಟೀಲು ವಾದಕರ ಪೈಕಿ ದ್ವಾರಂ ವೆಂಕಟಸ್ವಾಮಿ ನಾಯ್ಡು (1941) ಮತ್ತು ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆ (1948) ಮುಖ್ಯರು. ಈ ಮೂವರನ್ನೂ ಪಿಟೀಲಿನ ತ್ರಿಮೂರ್ತಿಗಳೆಂದು ರಸಿಕರು ಕರೆಯುತ್ತಿದ್ದರು.

ಸಂಗೀತಗಾರರ ಸ್ಮರಣೆಗೆ ದಕ್ಷಿಣದಲ್ಲಿ ಆಗಲೇ ಒಂದು ಮಾದರಿಯಿತ್ತು, ತಿಥಿಯ ದಿನ ಸೇರಿ ಹಾಡುವ ಆರಾಧನೆ. ಅದರ ದೊಡ್ಡ ರೂಪವಾದ ತಿರುವೈಯಾರಿನ ತ್ಯಾಗರಾಜ ಆರಾಧನೆಯ ಹಿಂದೆ ಕನ್ನಡ ನೆಲದ ಒಬ್ಬ ಹೆಣ್ಣುಮಗಳಿದ್ದಾರೆ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು (1878–1952) ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯ ಜಾಗವನ್ನು ತಮ್ಮ ಗಳಿಕೆಯ ಹಣದಿಂದ ಉದ್ಧರಿಸಿದರು. 1925ರ ಹೊತ್ತಿಗೆ ಅಲ್ಲಿ ಗುಡಿ ಎದ್ದಿತು. ಗುಡಿ ಕಟ್ಟಿಸಿದ ಅವರಿಗೇ, ಹೆಣ್ಣೆಂಬ ಕಾರಣಕ್ಕೆ, ಆರಾಧನೆಯಲ್ಲಿ ಹಾಡಲು ಅವಕಾಶವಿರಲಿಲ್ಲ. ಅವರು ಹೆಂಗಸರದೇ ಬಣ ಕಟ್ಟಿ ಸಮಾಧಿಯ ಹಿಂಬದಿಯಲ್ಲಿ ಹಾಡಿಸಿದರು. ಗಂಡಸರ ಬಣಗಳೂ ಹೆಂಗಸರ ಬಣವೂ ಒಂದಾಗಲು 1940ರ ದಶಕದವರೆಗೆ ಕಾಯಬೇಕಾಯಿತು. ಸತ್ತವರನ್ನು ನೆನೆಯುವ ಜಾಗದಲ್ಲಿ ಯಾರು ನಿಲ್ಲಬಹುದು ಎಂಬ ಪ್ರಶ್ನೆಗೆ ಉತ್ತರ ಹೋರಾಟದಿಂದ ಬಂತು ಎಂಬುದನ್ನು ಆರಾಧನೆಯ ಇತಿಹಾಸ ಬರೆಯುವವರು ಮರೆಯಬಾರದು.

ಆರಾಧನೆಯಲ್ಲಿ ಹಾಡಲು ಕೃತಿಗಳು ಬೇಕು. ವಾಗ್ಗೇಯಕಾರರಿಗೆ ಅವು ಧಾರಾಳವಾಗಿವೆ. ನುಡಿಸಿದವರು ಬಿಟ್ಟುಹೋಗುವುದು ಕೈಚಳಕವನ್ನು. ಅದನ್ನು ಇನ್ನೊಬ್ಬರು ಹಾಡಿ ತೋರಿಸಲಾಗದು. ತಾವೂ ಕೃತಿ ರಚಿಸಿದ್ದರೂ ಮುಖ್ಯವಾಗಿ ನುಡಿತದಿಂದ ಹೆಸರಾದ ಚೌಡಯ್ಯನವರ ರಸಿಕರಿಗೆ ಎದುರಾದ ತೊಡಕು ಇದೇ.

ಪಿಟೀಲಿನ ಆಕಾರದ ಸಭಾಂಗಣ

ಈ ತೊಡಕಿಗೆ ಬೆಂಗಳೂರಿನಲ್ಲಿ ಸಿಕ್ಕ ಉತ್ತರ ಅಪೂರ್ವವಾದದ್ದು. ಸಂಗೀತಾಭಿಮಾನಿ ಕೆ.ಕೆ. ಮೂರ್ತಿಯವರ ಮುಂದಾಳ್ತನದಲ್ಲಿ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆ ಗಾಯತ್ರಿದೇವಿ ಪಾರ್ಕ್ ಬಡಾವಣೆಯಲ್ಲಿ ಚೌಡಯ್ಯ ಸ್ಮಾರಕ ಭವನವನ್ನು ಕಟ್ಟಿತು. ಭವನ 1980ರಲ್ಲಿ ಪೂರ್ಣಗೊಂಡಿತು. ಸಾವಿರಕ್ಕೂ ಹೆಚ್ಚು ಮಂದಿ ಕೂರಬಹುದಾದ ಈ ಕಟ್ಟಡ ಹೊರಗಿನಿಂದ ಪಿಟೀಲೇ: ನಡುವಿಗೆ ಒಳಸರಿದ ಒಡಲು, ಮೇಲೆ ತಂತಿಗಳು, ಅವನ್ನು ಎತ್ತಿ ಹಿಡಿದ ಕುದುರೆ, ತುದಿಯಲ್ಲಿ ಬಿರಡೆಗಳು, ಜೊತೆಗೊಂದು ಕಮಾನು. ಚೌಡಯ್ಯನವರ ಹೆಸರು ಕೇಳದ ಮಗುವೂ ಇದು ಯಾವ ವಾದ್ಯವೆಂದು ಹೇಳಬಲ್ಲದು.

ಕಟ್ಟಡವನ್ನು ವಾದ್ಯವಾಗಿಸುವುದು ಬಾಲಿಶವೆಂದು ಮೂಗು ಮುರಿಯುವವರಿದ್ದಾರೆ. ಆ ಮಾತು ಸರಿಯಲ್ಲ. ರಾಜಕಾರಣಿಗೆ, ಕವಿಗೆ ಪ್ರತಿಮೆ ಸಾಕು, ಮುಖ ನೋಡಿದರೆ ಗುರುತು ಹತ್ತುತ್ತದೆ. ವಾದಕರ ಗುರುತು ಮುಖದಲ್ಲಿಲ್ಲ, ಹಿಡಿದ ವಾದ್ಯದಲ್ಲಿದೆ. ಅಲ್ಲದೆ ಈ ಸ್ಮಾರಕದೊಳಗೆ ಸಂಗೀತ ನಡೆಯುತ್ತದೆ, ನಾಟಕ ನಡೆಯುತ್ತದೆ, ಶಾಲಾ ಮಕ್ಕಳ ವಾರ್ಷಿಕೋತ್ಸವವೂ ನಡೆಯುತ್ತದೆ. ಮೈಸೂರಿನವರು ತಮ್ಮ ವೀಣೆ ಶೇಷಣ್ಣನವರ (1852–1926) ಹೆಸರನ್ನು ಕುವೆಂಪುನಗರದ ಭವನಕ್ಕೆ ಇಟ್ಟಿದ್ದಾರೆ. ರಾಜ್ಯ ಸರ್ಕಾರ ಚೌಡಯ್ಯನವರ ಹೆಸರಿನಲ್ಲಿ ಸಂಗೀತ ಪ್ರಶಸ್ತಿ ಕೊಡುತ್ತ ಬಂದಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೂ ನಗರದ ಜನರ ಬಾಯಲ್ಲಿ ದಿನನಿತ್ಯ ಒಬ್ಬ ಪಿಟೀಲುಗಾರರ ಹೆಸರು ಬರುವಂತೆ ಮಾಡಿದ್ದು ಆ ಕಟ್ಟಡ.

ಕೊರತೆಯಾಗಿರುವುದು ಬೇರೆ ಕಡೆ. ಏಳು ತಂತಿಯ ಪಿಟೀಲನ್ನು ಆರ್.ಆರ್. ಕೇಶವಮೂರ್ತಿಯವರು (ನಿಧನ 2006) ಇಳಿವಯಸ್ಸಿನವರೆಗೂ ನುಡಿಸಿದರು. ಅವರೂ ಬಿಡಾರಂ ಪರಂಪರೆಯವರೇ. ಮೈಕು ಬಂದ ಮೇಲೆ ಅಷ್ಟು ಕಷ್ಟಪಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಕಂಡದೇವಿ ಅಳಗಿರಿಸ್ವಾಮಿ, ವಿ. ಸೇತುರಾಮಯ್ಯ ಮೊದಲಾದ ಶಿಷ್ಯರಿಂದ ಬಾನಿ ಮುಂದುವರಿಯಿತು, ವಾದ್ಯ ಮಾತ್ರ ಅಪರೂಪವಾಯಿತು.

ಹೊರನಾಡಿನ ಮಾದರಿಗಳು

ವಾದಕರನ್ನು ನೆನೆಯುವ ಬಗೆಗಳು ಹೊರನಾಡಿನಲ್ಲೂ ಇವೆ. ಹಿಂದೆ ಹೇಳಿದ ಹೆಂಡ್ರಿಕ್ಸ್ 1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ, 27ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರನ್ನು ಅಮೆರಿಕದ ರೆಂಟನ್ ಪಟ್ಟಣದಲ್ಲಿ ಮಣ್ಣು ಮಾಡಲಾಯಿತು. ಅಭಿಮಾನಿಗಳ ದಟ್ಟಣೆ ಕಾರಣವಾಗಿ ಮುಂದೆ ಸಮಾಧಿಯನ್ನು ದೊಡ್ಡ ಮಂಟಪಕ್ಕೆ ಸ್ಥಳಾಂತರಿಸಬೇಕಾಯಿತು. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ 1995ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಪುಟ್ಟ ಊರು ಬ್ಯಾಲಿಶ್ಯಾನನ್‌ನಲ್ಲಿ ಪ್ರತಿವರ್ಷ ಉತ್ಸವ ನಡೆಯುತ್ತದೆ. ಡಬ್ಲಿನ್‌ನ ಒಂದು ಮೂಲೆಗೆ ಅವರ ಹೆಸರಿಟ್ಟು ಗೋಡೆಗೆ ಕಂಚಿನ ಗಿಟಾರನ್ನು ತೂಗುಹಾಕಿದ್ದಾರೆ. ಬೆಂಗಳೂರಿನವರು ಇಡೀ ಭವನವನ್ನೇ ಪಿಟೀಲಾಗಿಸಿದ್ದರ ಹಿಂದೆಯೂ ಇದೇ ಪ್ರೀತಿಯಿದೆ. ಹುಟ್ಟೂರಿನ ವಿಷಯದಲ್ಲಿ ಮಾತ್ರ ನಾವು ಬ್ಯಾಲಿಶ್ಯಾನನ್ನಿನವರಿಂದ ಕಲಿಯುವುದು ಬಹಳವಿದೆ.

ಅನಂತಪುರ ಸೀಮೆಯ ನಂಟು

ಚೌಡಯ್ಯನವರ ಗುರುಬಂಧುವೊಬ್ಬರು ಬಂದದ್ದು ಆಂಧ್ರದ ಗಡಿ ಸೀಮೆಯಿಂದ. ಅಲ್ಲಿನ ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಜಿಲ್ಲೆ ಒಡೆದಾಗ ಅದು ಆಂಧ್ರದ ಅನಂತಪುರಕ್ಕೆ ಸೇರಿತು. ಮಡಕಶಿರಾದ ಮೂರು ದಿಕ್ಕಿಗೂ ಕರ್ನಾಟಕವೇ. ಅಗಳಿ, ರೊಳ್ಳ, ಅಮರಾಪುರಗಳಲ್ಲಿ ಕನ್ನಡ ಮನೆಮಾತು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ರಾಯದುರ್ಗ, ಮಡಕಶಿರಾಗಳ ನಡುವಿನ ಕಂಬದೂರು ಭಾಗದ ರಾಳ್ಳಪಲ್ಲಿಯಿಂದ ಮೈಸೂರಿಗೆ ಬಂದವರು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು (1893–1979). ಅವರೂ ಬಿಡಾರಂ ಕೃಷ್ಣಪ್ಪನವರಲ್ಲೇ ಸಂಗೀತ ಕಲಿತರು, ಎಂದರೆ ಚೌಡಯ್ಯನವರ ಗುರುಬಂಧು. ಮಹಾರಾಜ ಕಾಲೇಜಿನಲ್ಲಿ ಮೂರೂವರೆ ದಶಕಕ್ಕೂ ಮಿಕ್ಕಿ ತೆಲುಗು ಕಲಿಸಿದರು. ತೆಲುಗಿನಲ್ಲಿ ವೇಮನನ ಮೇಲೆ ಉಪನ್ಯಾಸ ಕೊಟ್ಟರು, ಕನ್ನಡದಲ್ಲಿ ‘ಗಾನಕಲೆ’ ಬರೆದರು, ತಿರುಪತಿಯಲ್ಲಿ ಅನ್ನಮಯ್ಯನ ಕೀರ್ತನೆಗಳಿಗೆ ರಾಗ ಕಟ್ಟಿದರು. 1974ರಲ್ಲಿ ಅವರೂ ಸಂಗೀತ ಕಲಾನಿಧಿಯಾದರು. ತಿರುಮಲ ತಿರುಪತಿ ದೇವಸ್ಥಾನದ ಆಸ್ಥಾನ ವಿದ್ವಾಂಸರೆಂಬ ಗೌರವ ಬಂದ ದಿನವೇ, 1979ರ ಮಾರ್ಚ್ 11ರಂದು, ತೀರಿಕೊಂಡರು.

ಶರ್ಮರ ಬಾಳಿಗೆ ಎದುರುಬದುರಾಗಿ ನಿಲ್ಲುವುದು ಪಿಟೀಲಿನ ದ್ವಾರಂ ಅವರ ಬಾಳು. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳಗಿದ್ದು ವಿಜಯನಗರಂನ ಸಂಗೀತ ಕಾಲೇಜಿನಲ್ಲಿ. ಇಂದು ವಿಶಾಖಪಟ್ಟಣದ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ಬೆಂಗಳೂರಿಗೆ ಅವರು ನೆನಪಾಗುವುದು ಕಡಿಮೆ. ಅನಂತಪುರ ಸೀಮೆಯ ತಾಡಿಪತ್ರಿಯಲ್ಲಿ ಹುಟ್ಟಿದ ನಟ ಬಳ್ಳಾರಿ ರಾಘವರನ್ನು (1880–1946) ಬಳ್ಳಾರಿಯವರು ರಾಘವ ಕಲಾಮಂದಿರದಲ್ಲಿ ಕನ್ನಡ, ತೆಲುಗು ಎರಡೂ ಭಾಷೆಯ ನಾಟಕಗಳಿಂದ ನೆನೆಯುತ್ತಾರೆ. ಶರ್ಮರಿಗೂ ಅಂಥ ನೆನಪು ಅವರ ಸ್ವಂತ ಸೀಮೆಯಲ್ಲಿ ಸಲ್ಲಬೇಕು. ‘ಗಾನಕಲೆ’ಯ ಪ್ರತಿಗಳು ಮಡಕಶಿರಾ, ರಾಯದುರ್ಗದ ಕನ್ನಡ ಶಾಲೆಗಳ ಕಪಾಟಿನಲ್ಲಿರಬೇಕು, ಅವರ ಸ್ಮರಣೆಯ ದಿನದಂದು ಬಿಡಾರಂ ಬಾನಿಯ ಪಿಟೀಲೊಂದು ಅಲ್ಲಿ ನುಡಿಯಬೇಕು.